ಅಪ್ಪನ ನಲವತ್ತೈದು

“ಇದು ನನ್ನ ಅಂಗಡಿಯ ಕೆಲಸವೇ. ಇದರಲ್ಲಿ ಎರಡು ಮಾತಿಲ್ಲ,” ಎಂದರು ಮೇಸ್ತ್ರಿ.

ಹೇಳುವಾಗ ಅವರ ಬಾಗಿದ ಬೆನ್ನು ನೆಟ್ಟಗಾಗಿತ್ತು. ಕೆಲಸದ ಮೇಜಿನ ಮೇಲೆ ಮಲಗಿಸಿದ್ದ ಚೌಕಟ್ಟಿನ ಮೂಲೆಯನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು, ನಿದ್ದೆ ಹೋದ ಮಗುವಿನ ಕೆನ್ನೆ ಸವರುವಂತೆ.

“ಮುಟ್ಟಿ ನೋಡಿ ಸಾಹೇಬ್ರೆ. ಎರಡು ಪಟ್ಟಿ ಕೂಡಿದ ಗೆರೆ ಸೀದಾ ತುದಿಗೆ ಬಂದು ನಿಂತಿದೆ. ಈ ಕಡೆ ನಲವತ್ತೈದು, ಆ ಕಡೆ ನಲವತ್ತೈದು, ಎರಡೂ ಸೇರಿ ತೊಂಬತ್ತು. ಮಧ್ಯೆ ಒಂದು ಕೂದಲು ತೂರಲ್ಲ. ಈ ಊರಲ್ಲಿ ಇಂಥ ಮೂಲೆ ಕೂಡಿಸೋ ಇನ್ನೊಂದು ಅಂಗಡಿ ತೋರಿಸಿ, ಈಗಲೇ ಗರಗಸ ಕೆಳಗಿಡ್ತೀನಿ.”

ಅವರ ಒಂದೊಂದು ಮಾತಿಗೂ ಗೋಡೆಗೊರಗಿ ನಿಂತಿದ್ದ ಮಗಳು ಇಷ್ಟಿಷ್ಟೇ ಕುಗ್ಗುತ್ತಿದ್ದಳು. ಅಪ್ಪ ಎದೆಯುಬ್ಬಿಸಿ ಆಡುತ್ತಿದ್ದ ಮಾತುಗಳೇ ತನ್ನ ಕೈಗೆ ಕೋಳ ಬಿಗಿಯುತ್ತಿವೆ ಎಂದು ಅವಳಿಗೆ ಗೊತ್ತಿತ್ತು. ಅಪ್ಪನಿಗೆ ಗೊತ್ತಿರಲಿಲ್ಲ. ಚೌಕಟ್ಟು ಇಷ್ಟು ಚೆನ್ನಾಗಿದೆ ಎಂದ ಮೇಲೆ ಅದನ್ನು ಮಾಡಿದವರ ಮೇಲೆ ಯಾರಾದರೂ ಅನುಮಾನ ಪಡುವುದುಂಟೇ ಎಂಬುದು ಅವರ ಲೆಕ್ಕ.

ಪೊಲೀಸರ ಲೆಕ್ಕ ಬೇರೆ ಇತ್ತು. ಸಂಗ್ರಹಾಲಯದ ‘ನೀಲಿ ದೋಣಿ’ ಚಿತ್ರ ಹೊಸ ಚೌಕಟ್ಟಿಗೆಂದು ಈ ಅಂಗಡಿಗೆ ಬಂದಿತ್ತು. ಪೊಲೀಸ್ ಕಾವಲಿನಲ್ಲಿ ವಾಪಸ್ ಹೋಗಿ ಗೋಡೆಯೇರಿದ ಮೇಲೆ ಅದು ನಕಲಿ ಎಂದು ತಿಳಿಯಿತು. ಚೌಕಟ್ಟಿನ ಬೆನ್ನಿಗೆ ಅಂಟಿಸಿದ ಕಾಗದ ಎಲ್ಲೂ ಹರಿದಿರಲಿಲ್ಲ, ಅದರ ಮೇಲೆ ಅಂಗಡಿಯ ಮುದ್ರೆ ಅಲುಗದೆ ಕುಳಿತಿತ್ತು. ಹಾಗಾದರೆ ನಕಲಿ ಒಳಗೆ ಸೇರಿದ್ದು ಇಲ್ಲೇ. ಒಳಗೆ ಚಿತ್ರವಿಟ್ಟು ಕಾಗದ ಅಂಟಿಸಿದವಳು ಮಗಳೊಬ್ಬಳೇ. ಸ್ಥಳ ಮಹಜರು ಮುಗಿದ ಕೂಡಲೇ ಅವಳನ್ನು ನ್ಯಾಯಾಲಯಕ್ಕೆ ಕರೆದೊಯ್ಯಬೇಕಿತ್ತು. ಜೀಪು ಬಾಗಿಲಲ್ಲೇ ನಿಂತಿತ್ತು.

“ಅಕ್ಕಾ, ನಿನ್ನನ್ನ ಕರೆಸಿದ್ದು ಸುಮ್ನೆ ಕೂರೋದಕ್ಕಲ್ಲ,” ಎಂದ ಇನ್ಸ್‌ಪೆಕ್ಟರ್ ತಗ್ಗಿದ ದನಿಯಲ್ಲಿ.

ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕುಳಿತಿದ್ದ ಅವನ ಅಕ್ಕ ಊಟದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದರು. ಊರಿನ ಅರ್ಧ ಜನಕ್ಕೆ ರೇಖಾಗಣಿತ ಕಲಿಸಿದ ಟೀಚರ್. ಉಳಿದರ್ಧ ಜನ, ಮನೆಯಲ್ಲಿ ಏನಾದರೂ ಕಳೆದರೆ, ಪೊಲೀಸರಿಗಿಂತ ಮೊದಲು ಅವರ ಬಾಗಿಲು ತಟ್ಟುತ್ತಿದ್ದರು. ಇವತ್ತು ಪೊಲೀಸರೇ ತಟ್ಟಿದ್ದರು.

“ಮೊದ್ಲು ಈ ಹುಡುಗಿ ಎರಡು ತುತ್ತು ತಿನ್ನಲಿ,” ಎಂದರು ಟೀಚರ್. “ತುಟಿ ಒಣಗಿಹೋಗಿದೆ, ಕಾಣಲ್ವಾ ನಿಂಗೆ? ಖಾಲಿ ಹೊಟ್ಟೇಲಿ ಯಾರೂ ನಿಜ ಹೇಳಲ್ಲ.”

ಸಂಗ್ರಹಾಲಯದ ಮೇಲ್ವಿಚಾರಕರು ಕೈಗಡಿಯಾರ ನೋಡಿಕೊಂಡರು. ಇಸ್ತ್ರಿಯ ಮಡಿಕೆ ಮುರಿಯದ ಅಂಗಿ ತೊಟ್ಟ ಅವರು ಮರದ ಪುಡಿ ತಾಗದಂತೆ ಅಂಗಡಿಯ ನಟ್ಟನಡುವೆ ನಿಂತಿದ್ದರು. “ನಾವಿಲ್ಲಿಗೆ ಪಿಕ್ನಿಕ್ ಬಂದಿಲ್ಲ ಮೇಡಂ.”

“ನಿಮಗೂ ಒಂದು ತುತ್ತು ಹಾಕ್ಲಾ ಸರ್? ಮುಖ ಬಾಡಿದೆ.”

ಇನ್ಸ್‌ಪೆಕ್ಟರ್ ನಗು ತಡೆಯಲು ಕಿಟಕಿಯತ್ತ ತಿರುಗಿದ.

ಹುಡುಗಿ ತಿನ್ನಲಿಲ್ಲ. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು, ಅಷ್ಟೇ. ಶಾಲೆಯಲ್ಲಿ ಅವಳನ್ನು ಗೆಳತಿಯರು ಮೂಲೆರಾಣಿ ಎಂದು ಕರೆಯುತ್ತಿದ್ದರು. ಕೊನೆಯ ಬೆಂಚಿನ ಮೂಲೆ ಬಿಟ್ಟು ಬೇರೆಲ್ಲೂ ಕೂರುತ್ತಿರಲಿಲ್ಲ. ಆ ಮೂಲೆಯಿಂದಲೇ ಎಲ್ಲರಿಗಿಂತ ಮೊದಲು ಉತ್ತರ ಬರುತ್ತಿತ್ತು. ಆ ಉತ್ತರದಲ್ಲಿ ಸುಳ್ಳಿಗೆ ಎಡೆಯೇ ಇರುತ್ತಿರಲಿಲ್ಲ ಎಂಬುದು ಟೀಚರ್‌ಗೆ ನೆನಪಿತ್ತು. ಪೊಲೀಸರು ಹಿಡಿದಾಗಿನಿಂದ ಅವಳು ಹೇಳಿದ್ದು ಒಂದೇ ಮಾತು: “ನಾನು ಚಿತ್ರ ಬದಲಾಯಿಸಿಲ್ಲ.” ಅದರಾಚೆ ಬಾಯಿಗೆ ಬೀಗ.

ಟೀಚರ್ ಎದ್ದು ಮೇಜಿನ ಬಳಿ ಬಂದರು. ಚೌಕಟ್ಟನ್ನು ಎತ್ತಿ ನೋಡಲು ಅಂಗೈ ಕೆಳಗೆ ತೂರಿಸಿದಾಗ ಮೂಲೆ ಚುಚ್ಚಿತು. ಕೈ ತೆಗೆದು ನೋಡಿಕೊಂಡರು. ಅಂಗೈಯಲ್ಲಿ ಕೆಂಪು ಚುಕ್ಕೆ.

ಅವರ ಕಣ್ಣು ತಾನಾಗಿ ಗೋಡೆಯತ್ತ ಹೋಯಿತು. ಅಲ್ಲಿ ಗಿರಾಕಿಗಳು ಒಯ್ಯಬೇಕಾದ ಚೌಕಟ್ಟುಗಳು ಸಾಲಾಗಿ ತೂಗುತ್ತಿದ್ದವು. ಯಾರದೋ ಮದುವೆಯ ಫೋಟೋ, ಯಾರದೋ ಪದವಿಯ ಪತ್ರ, ಒಂದು ದೊಡ್ಡ ಕನ್ನಡಿ. ಟೀಚರ್ ಒಂದೊಂದರ ಮೂಲೆಯನ್ನೂ ಬೆರಳಿನಿಂದ ಮುಟ್ಟುತ್ತ ನಡೆದರು. ಯಾವುದೂ ಚುಚ್ಚಲಿಲ್ಲ. ಎಲ್ಲ ಮೂಲೆಗಳ ತುದಿಯೂ ಸವೆದ ಸಾಬೂನಿನಂತೆ ದುಂಡಗಿತ್ತು.

“ಇವುಗಳ ತುದಿ ದುಂಡಗಿದೆ. ಅದರದ್ದು ಚೂಪು. ಯಾಕೆ ಮೇಸ್ತ್ರಿಗಳೇ?”

“ಅದು ಮಗಳ ಹಠ,” ಎಂದರು ಮೇಸ್ತ್ರಿ, ಹಠ ಎಂಬ ಮಾತಿನಲ್ಲೂ ಮುದ್ದಿತ್ತು. “ಒಯ್ಯುವಾಗ ಜನರ ಬಟ್ಟೆಗೆ ಸಿಕ್ಕಿ ಹರಿಯುತ್ತೆ ಅಂತ ಅರದಲ್ಲಿ ಉಜ್ಜಿ ದುಂಡಗೆ ಮಾಡ್ತಾಳೆ. ನಂಗೆ ಇಷ್ಟ ಇಲ್ಲ. ಆದ್ರೆ ಮಕ್ಕಳ ಮಾತನ್ನೂ ಒಂದಿಷ್ಟು ನಡೆಸ್ಬೇಕಲ್ಲ. ಸಂಗ್ರಹಾಲಯದ ಕೆಲಸಕ್ಕೆ ಮಾತ್ರ ಕಟ್ಟುನಿಟ್ಟಾಗಿ ಹೇಳಿದ್ದೆ, ಮೂಲೆ ಮುಟ್ಟಬೇಡ, ನಮ್ಮ ಹಳೇ ಕಾಲದ ಹಾಗೆ ಚೂಪಾಗೇ ಇರಲಿ ಅಂತ. ಹೇಳಿದ ಹಾಗೆ ಮಾಡಿದಾಳೆ ನೋಡಿ.”

“ಮಾಡಿದೆಯಾ?” ಎಂದು ಟೀಚರ್ ಹುಡುಗಿಯನ್ನು ಕೇಳಿದರು.

ಹುಡುಗಿ ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ಒತ್ತಿ ಮುಚ್ಚಿದಳು.

ಟೀಚರ್ ಚೀಲದಿಂದ ಕೋನಮಾಪಕ ತೆಗೆದರು. ಶಾಲೆಯ ಮಕ್ಕಳು ಬಳಸುವ ಅರ್ಧಚಂದ್ರದ ಪ್ಲಾಸ್ಟಿಕ್ಕು, ಅಂಚಿನಲ್ಲಿ ಹಲ್ಲಿನ ಗುರುತು. ಯಾವುದೋ ಮಗು ಪರೀಕ್ಷೆಯಲ್ಲಿ ಯೋಚಿಸುತ್ತ ಕಚ್ಚಿದ್ದು.

“ಕೊಡಿ, ನಾನೇ ಅಳೀತೀನಿ,” ಎಂದು ಮೇಲ್ವಿಚಾರಕರು ಕೈ ನೀಡಿದರು. “ಆಮೇಲೆ ಯಾರೂ ತಕರಾರು ಎತ್ತಬಾರದು ನೋಡಿ.” ಸಂಗ್ರಹಾಲಯದ ಚೌಕಟ್ಟಿನ ಮೇಲೆ ಬಾಗಿ, ಒಂದು ಕಣ್ಣು ಮುಚ್ಚಿ, ಗಂಭೀರವಾಗಿ ಓದಿದರು. “ನೂರ ಮೂವತ್ತೈದು.”



“ಸರ್, ಅದರಲ್ಲಿ ಎರಡು ಸಾಲು ಅಂಕಿ ಇವೆ,” ಎಂದರು ಟೀಚರ್ ತಾಳ್ಮೆಯಿಂದ. “ಒಂದು ಬಲದಿಂದ ಶುರುವಾಗುತ್ತೆ, ಇನ್ನೊಂದು ಎಡದಿಂದ. ಒಂದೇ ಗೆರೆಗೆ ಎರಡು ಅಂಕಿ. ಎರಡೂ ಸೇರಿದರೆ ನೂರ ಎಂಬತ್ತು, ಸರಳಕೋನ. ಇದು ತೊಂಬತ್ತಕ್ಕಿಂತ ಚಿಕ್ಕದು ಅಂತ ಕಣ್ಣಿಗೇ ಕಾಣುತ್ತಲ್ಲ, ಲಘುಕೋನ. ಬಾಗಿಲು ಅರ್ಧವೂ ತೆರೆದಿಲ್ಲ, ನೀವು ಆಗಲೇ ಗೋಡೆಗೆ ತಾಗಿಸ್ತಾ ಇದ್ದೀರಿ.”

“ನಾನೂ ಹಾಗೇ ಓದ್ತಿದ್ದೆ ಸರ್, ಬೇಜಾರು ಮಾಡ್ಕೋಬೇಡಿ,” ಎಂದ ಇನ್ಸ್‌ಪೆಕ್ಟರ್. “ಅಕ್ಕ ಹಿಂಡಿ ಹಿಂಡಿ ನನ್ನ ಕಿವಿ ಈಗಲೂ ಒಂದಿಷ್ಟು ಉದ್ದ ಇದೆ.”

“ನಲವತ್ತೈದು,” ಎಂದು ತಿದ್ದಿ ಹೇಳಿ ಮೇಲ್ವಿಚಾರಕರು ನೆಟ್ಟಗಾದರು. “ಆ ಕಡೆಯೂ ನಲವತ್ತೈದು. ಸಾಕಲ್ಲ? ಮೇಸ್ತ್ರಿ ಹೇಳಿದ್ದು ಸರಿಯಾಗೇ ಇದೆ.”

“ಅದು ಸರಿ ಇದೆ,” ಎಂದರು ಟೀಚರ್. “ಈಗ ಗೋಡೆ ಮೇಲಿನದ್ದನ್ನ ನೋಡೋಣ.”

ಅವರು ಕನ್ನಡಿಯ ಚೌಕಟ್ಟಿನತ್ತ ಹೆಜ್ಜೆಯಿಟ್ಟರು. ಹಿಂದೆ ಡಬ್ಬಿ ಮೇಜಿನ ಮೇಲೆ ಕುಕ್ಕಿದ ಸದ್ದಾಯಿತು.

“ಟೀಚರ್, ಬೇಡ.”

“ಏನು ಬೇಡ ಮಗಾ?”

“ಅಳೆಯೋದು ಬೇಡ.” ಹುಡುಗಿಯ ದನಿ ಒಡೆಯಿತು. “ನಾನೇ ಮಾಡಿದ್ದು. ಚಿತ್ರ ಬದಲಾಯಿಸಿದ್ದು ನಾನೇ. ಬರ್ಕೊಳ್ಳಿ ಸರ್. ಎಲ್ಲಿ ಸಹಿ ಹಾಕಬೇಕು ಹೇಳಿ.”

ಮೇಸ್ತ್ರಿಯ ಹೆಬ್ಬೆರಳು ಚೌಕಟ್ಟಿನ ಮೇಲೆ ನಿಂತಲ್ಲೇ ನಿಂತಿತು.

ಇನ್ಸ್‌ಪೆಕ್ಟರ್ ಜೇಬಿನ ಪೆನ್ನಿಗೆ ಕೈಹಾಕಿದ. ಅಕ್ಕ ಅವನ ಕಡೆ ತಿರುಗಿಯೂ ನೋಡದೆ ಅಂಗೈ ಎತ್ತಿದರು, ತರಗತಿಯಲ್ಲಿ ಗಲಾಟೆ ನಿಲ್ಲಿಸುವಂತೆ. ಪೆನ್ನು ಜೇಬಿನಲ್ಲೇ ಉಳಿಯಿತು.

“ಅಸಲಿ ಚಿತ್ರ ಎಲ್ಲಿಟ್ಟಿದ್ದೀಯ?”

“ಅದು... ಕೊಟ್ಟುಬಿಟ್ಟೆ.”

“ಯಾರಿಗೆ?”

ಹುಡುಗಿ ನೆಲ ನೋಡಿದಳು.

“ನಿಂಗೆ ಸುಳ್ಳು ಹೇಳೋದು ಬರಲ್ಲ, ಕಲಿಯೋ ವಯಸ್ಸೂ ದಾಟಿತು,” ಎಂದರು ಟೀಚರ್. ಹತ್ತಿರ ಹೋಗಿ ಅವಳ ಹಣೆಯ ಮೇಲೆ ಬಿದ್ದಿದ್ದ ಕೂದಲನ್ನು ಕಿವಿಯ ಹಿಂದೆ ಸರಿಸಿದರು. “ಜೈಲಿಗೆ ಹೋದರೂ ಪರವಾಗಿಲ್ಲ, ಆ ಮೂಲೆ ಅಳೆಯೋದು ಬೇಡ. ಹಾಗಾದರೆ ಆ ಮೂಲೇಲಿ ಇರೋದು ನಿನ್ನ ತಪ್ಪಲ್ಲ. ನಿನ್ನ ತಪ್ಪಾಗಿದ್ರೆ ಯಾವತ್ತೋ ಒಪ್ಪಿಕೊಂಡು ಕೂತಿರ್ತಿದ್ದೆ.”

ಹುಡುಗಿಯ ಕಣ್ಣು ತುಂಬಿತು. ಅವಳು ಅಪ್ಪನ ಕಡೆ ನೋಡಲಿಲ್ಲ. ನೋಡದಿರಲು ಪಟ್ಟ ಕಷ್ಟವೇ ಎಲ್ಲವನ್ನೂ ಹೇಳಿಬಿಟ್ಟಿತು.

“ಅಳೀರಿ ಟೀಚರ್,” ಎಂದರು ಮೇಸ್ತ್ರಿ.

“ಅಪ್ಪಾ—”

“ಸುಮ್ನಿರು. ನನ್ನ ಅಂಗಡೀಲಿ ಅಳೆಯೋಕೆ ಅಂಜೋ ಮೂಲೆ ಒಂದೂ ಇಲ್ಲ. ಅಳೀರಿ. ಗಟ್ಟಿಯಾಗಿ ಓದಿ, ಎಲ್ಲರಿಗೂ ಕೇಳಲಿ.”

ಟೀಚರ್ ಕನ್ನಡಿಯನ್ನು ಕೆಳಗಿಳಿಸಿ ಮೇಜಿನ ಮೇಲಿಟ್ಟರು. ಕೋನಮಾಪಕದ ನಡುಬಿಂದುವನ್ನು ಒಳಮೂಲೆಗೆ ಹೊಂದಿಸಿ, ಕೂಡುಗೆರೆ ಎಲ್ಲಿ ಹಾಯುತ್ತದೆ ಎಂದು ನೋಡಿದರು. ಅವರಿಗೆ ಬೇಕಿದ್ದ ಉತ್ತರವೇ ಅಲ್ಲಿತ್ತು. ಆದರೂ ಓದುವ ಮೊದಲು ಒಮ್ಮೆ ಮೇಸ್ತ್ರಿಯ ಮುಖ ನೋಡಿದರು.

“ಈ ಪಟ್ಟಿ ನಲವತ್ನಾಲ್ಕು,” ಎಂದರು. “ಆ ಪಟ್ಟಿ ನಲವತ್ತಾರು.”

“ನಿಮ್ಮ ಮಾಪಕ ಸರಿಯಿಲ್ಲ.”

“ಇರಬಹುದು ಮೇಸ್ತ್ರಿಗಳೇ. ನಿಮ್ಮದರಲ್ಲಿ ನೋಡಿ.”

ಮೇಸ್ತ್ರಿ ಗೂಡಿನಿಂದ ತಮ್ಮ ಹಿತ್ತಾಳೆಯ ಕೋನಮಾಪಕ ತಂದರು. ಚೌಕಟ್ಟನ್ನು ಕಿಟಕಿಯ ಬೆಳಕಿಗೆ ಒಯ್ದು, ಮೂಗು ಮರಕ್ಕೆ ತಾಗುವಷ್ಟು ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಆಮೇಲೆ ಮದುವೆ ಫೋಟೋದ ಚೌಕಟ್ಟು ಇಳಿಸಿ ಅಳೆದರು. ಆಮೇಲೆ ಪದವಿಪತ್ರದ್ದು. ಪ್ರತಿ ಸಲವೂ ಹಿತ್ತಾಳೆ ಮರಕ್ಕೆ ತಾಗಿ ಟಿಕ್ ಎಂದಿತು.

ಟೀಚರ್ ಮೇಜಿನ ಮೇಲಿದ್ದ ಕಂದು ಕಾಗದದ ಚೂರಿನಲ್ಲಿ ಒಂದು ಲಂಬಕೋನ ಬರೆದು, ನಡುವೆ ಗೆರೆ ಎಳೆದು, ಒಂದು ಪಾಲಿನಲ್ಲಿ ೪೪, ಇನ್ನೊಂದರಲ್ಲಿ ೪೬ ಎಂದು ಬರೆದರು.

“ಪೂರಕ ಕೋನ,” ಎಂದು ತಮ್ಮನಿಗೆ ಮೆಲ್ಲಗೆ ಹೇಳಿದರು. “ಎರಡೂ ಸೇರಿ ತೊಂಬತ್ತಾದ್ರೆ ಸಾಕು, ಮೂಲೆ ಬಿಗಿಯಾಗಿ ಕೂಡುತ್ತೆ. ಸಮಪಾಲೇ ಆಗ್ಬೇಕು ಅಂತೇನಿಲ್ಲ. ಒಂದು ಎಷ್ಟು ಕಮ್ಮಿಯಾಯ್ತೋ ಇನ್ನೊಂದು ಅಷ್ಟೇ ಜಾಸ್ತಿ ಆಗ್ಬೇಕು. ಆದ್ರೆ ಕೂಡುಗೆರೆ ಮೂಲೆಯ ತುದಿಗೆ ಬರಲ್ಲ, ಅಕ್ಕಿಕಾಳಷ್ಟು ಪಕ್ಕಕ್ಕೆ ಜರುಗುತ್ತೆ. ಒಂದು ಪಟ್ಟಿ ಅಷ್ಟು ಹೊರಗೆ ಚಾಚುತ್ತೆ. ಅದನ್ನ ಉಜ್ಜಿಬಿಟ್ರೆ—”

“ದುಂಡಗೆ ಆಗುತ್ತೆ,” ಎಂದ ಇನ್ಸ್‌ಪೆಕ್ಟರ್. ಚಿತ್ರ ನೋಡಿ ತುಟಿಯಂಚಿನಲ್ಲಿ ನಕ್ಕ. “ಇವೆರಡೂ ಅವಳಿಗಳಲ್ಲ ಬಿಡು. ಕಣ್ಣು ಇಡೋ ಹಾಗಿಲ್ಲ.”

ಆ ಹೊತ್ತಿನಲ್ಲೂ ಟೀಚರ್‌ಗೆ ನಗು ಬಂತು. ಚಿಕ್ಕವನಿದ್ದಾಗ ಅವನಿಗೆ ಕೋನಗಳನ್ನು ಕಲಿಸಿದ್ದು ಅಡುಗೆಮನೆಯ ನೆಲದ ಮೇಲೆ, ಸೀಮೆಸುಣ್ಣದಲ್ಲಿ, ಒಲೆಯ ಮೇಲಿನ ಹಾಲಿಗೆ ಒಂದು ಕಣ್ಣಿಟ್ಟು. ಎರಡು ಕೋನ ಸಮ ಎಂದು ತೋರಿಸಲು ಎಲ್ಲ ಮಕ್ಕಳೂ ಒಂದೊಂದು ಪುಟ್ಟ ಕಮಾನು ಎಳೆದರೆ, ಇವನು ಕಮಾನಿನೊಳಗೆ ಒಂದೊಂದು ಚುಕ್ಕೆಯನ್ನೂ ಇಡುತ್ತಿದ್ದ. ಅವಳಿಗಳಲ್ವಾ ಅಕ್ಕಾ, ಕಣ್ಣಿಲ್ಲದಿದ್ರೆ ಒಂದನ್ನೊಂದು ಹೇಗೆ ಗುರುತು ಹಿಡೀತವೆ ಎನ್ನುತ್ತಿದ್ದ. ಪರೀಕ್ಷೆಯಲ್ಲಿ ಅಂಕ ಕಳೆದರೂ ಬಿಡಲಿಲ್ಲ. ಇವತ್ತು ಅವನ ಭುಜದ ಮೇಲೆ ನಕ್ಷತ್ರಗಳಿದ್ದವು. ಮೊದಲ ದಿನ ಆ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿದ್ದು ಅಕ್ಕನೇ. ಊರವರು “ನಿಮ್ಮ ತಮ್ಮ” ಎಂದಾಗಲೆಲ್ಲ ಈಗಲೂ ಅವರ ಕತ್ತು ಒಂದಿಷ್ಟು ಮೇಲೇಳುತ್ತಿತ್ತು.

ಮೇಸ್ತ್ರಿ ಈಗ ಪಟ್ಟಿ ಕೊಯ್ಯುವ ಅಚ್ಚಿನ ಮುಂದೆ ನಿಂತಿದ್ದರು.

ಮರದ ತೊಟ್ಟಿಯಂಥ ಆ ಅಚ್ಚಿನಲ್ಲಿ ಗರಗಸ ಓಡಲು ಎರಡು ಓರೆ ಸೀಳುಗಳಿದ್ದವು. ಒಂದು ಎಡಕ್ಕೆ ಓರೆ, ಇನ್ನೊಂದು ಬಲಕ್ಕೆ. ಪ್ರತಿ ಮೂಲೆಗೂ ಎರಡು ಸೀಳಿನಿಂದಲೂ ಒಂದೊಂದು ಕೊಯ್ತ ಬೇಕು. ಬಲ ಸೀಳು ಅಪ್ಪನದು, ಎಡ ಸೀಳು ಮಗಳದು. ಎದುರುಬದುರು ನಿಂತು ಇಬ್ಬರೂ ಕೊಯ್ಯುತ್ತಿದ್ದರು. ಆ ಅಚ್ಚು ಮೇಸ್ತ್ರಿ ತಮ್ಮ ಕೈಯಾರೆ ಮಾಡಿದ್ದು. ದಿನವೂ ಕೆಲಸ ಶುರು ಮಾಡುವ ಮೊದಲು ಬಲ ಸೀಳಿನ ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದರು. ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ.

ಅವರು ಹಿತ್ತಾಳೆಯ ಮಾಪಕವನ್ನು ಬಲ ಸೀಳಿಗೆ ಹಿಡಿದರು. ಸವೆದಿತ್ತು. ವರ್ಷಗಟ್ಟಲೆ ಓಡಿದ ಗರಗಸ, ವರ್ಷಗಟ್ಟಲೆ ಸವರಿದ ಅವರದೇ ಹೆಬ್ಬೆರಳು, ಎರಡೂ ಸೇರಿ ಸೀಳನ್ನು ಒಂದು ಡಿಗ್ರಿ ತಿರುಗಿಸಿದ್ದವು.

ಆಮೇಲೆ ಎಡ ಸೀಳಿನತ್ತ ಕೈ ಚಾಚಿದರು. ಅಷ್ಟು ವರ್ಷದಲ್ಲಿ ಆ ಕಡೆ ಅವರ ಬೆರಳು ಹೋಗಿರಲಿಲ್ಲ. ಸೀಳಿನ ಒಂದು ಅಂಚಿಗೆ, ಎಲೆಯಷ್ಟು ತೆಳ್ಳಗೆ ಹೆರೆದ ಮರದ ಚಕ್ಕೆ ಅಂಟಿಸಿತ್ತು. ಅಂಚೆಲ್ಲ ನೀಟಾಗಿ ಉಜ್ಜಿ ನುಣುಪು ಮಾಡಿತ್ತು.

“ಇದು ಯಾವಾಗಿಂದ?”

“ನಿನ್ನ ಕಣ್ಣಿನ ಆಪರೇಷನ್‌ಗೂ ಮೊದಲಿಂದ,” ಎಂದಳು ಮಗಳು. ದನಿ ಕೇಳಿಸುವುದೇ ಕಷ್ಟವಿತ್ತು. “ಮೂಲೆಗಳು ಬಾಯಿ ಬಿಡೋಕೆ ಶುರುವಾಗಿತ್ತು ಅಪ್ಪಾ. ಎರಡು ಚೌಕಟ್ಟು ವಾಪಸ್ ಬಂದ್ವು. ನೀನು ಮರ ಹಸಿ ಇದೆ ಅಂತ ಮರದಂಗಡಿಯವರ ಮೇಲೆ ರೇಗಾಡಿದೆ.”

“ನಂಗೆ ಹೇಳ್ಬೇಕಿತ್ತು.”

“ಹೇಳಿದ್ರೆ ನೀನು ಅಚ್ಚು ಮುಟ್ಟೋದೇ ಬಿಡ್ತಿದ್ದೆ. ನಂಗೆ ಗೊತ್ತು. ನಿನ್ನ ಸೀಳಿಗೆ ಚಕ್ಕೆ ಅಂಟಿಸಿದ್ರೆ ಹೆಬ್ಬೆರಳಿಗೆ ಸಿಗುತ್ತೆ. ಅದಕ್ಕೆ ನಂದನ್ನ ತಿರುಗಿಸಿದೆ. ನೀನು ಎಷ್ಟು ತಿರುಗಿದ್ಯೋ ಅಷ್ಟೇ, ಎದುರು ಕಡೆಗೆ.”

“ಸಂಗ್ರಹಾಲಯದ ಕೆಲಸ? ದುಂಡಗೆ ಮಾಡ್ಬೇಡ ಅಂದಿದ್ನಲ್ಲ.”

“ಮಾಡಿದ್ದೆ. ಮಾಡದೆ ಹೇಗಿರಲಿ? ಬಿಟ್ಟಿದ್ರೆ ನಿನ್ನ ಪಟ್ಟಿ ಹೊರಗೆ ಚಾಚಿದ್ದು ಕಾಣ್ತಿತ್ತು.” ಹುಡುಗಿ ಮೇಜಿನ ಮೇಲಿದ್ದ ಚೂಪು ಮೂಲೆಯ ಚೌಕಟ್ಟನ್ನು ನೋಡಿದಳು. “ಇವರು ಇದನ್ನ ಒಳಗೆ ತಂದ ಕೂಡಲೇ ಗೊತ್ತಾಯ್ತು, ಇದು ನಮ್ಮದಲ್ಲ ಅಂತ. ಅಷ್ಟರಲ್ಲಿ ನೀನು ನಮ್ಮದೇ ಅಂತ ಹೇಳಿಯಾಗಿತ್ತು. ಎಲ್ಲರ ಮುಂದೆ. ಎಷ್ಟು ಖುಷಿಯಾಗಿ ಹೇಳಿದ್ದೆ ಅಪ್ಪಾ.”

ಮೇಸ್ತ್ರಿ ಅಚ್ಚಿನ ಮೇಲೆ ಎರಡೂ ಕೈಯೂರಿ ನಿಂತರು. ಅವರ ಬೆನ್ನು ಮತ್ತೆ ಬಾಗಿತು. ಟೀಚರ್ ಒಂದು ಹೆಜ್ಜೆ ಮುಂದಿಟ್ಟವರು ಅಲ್ಲೇ ನಿಂತರು. ಕೆಲವು ಲೆಕ್ಕಗಳನ್ನು ಮಕ್ಕಳು ತಾವೇ ಬಿಡಿಸಬೇಕು, ಎಷ್ಟು ಹೊತ್ತಾದರೂ ಕಾಯಬೇಕು. ದೊಡ್ಡವರ ಲೆಕ್ಕವೂ ಹಾಗೆಯೇ.

ಮೇಲ್ವಿಚಾರಕರು ಕೆಮ್ಮಿದರು. “ಅಂದರೆ ಮೇಸ್ತ್ರಿ, ನಿಮ್ಮ ಕೆಲಸವೆಲ್ಲ ಸೊಟ್ಟ ಅಂತಾಯ್ತು.”

ಮೇಸ್ತ್ರಿ ನಿಧಾನವಾಗಿ ತಿರುಗಿದರು. ಟೀಚರ್ ಅವರ ಮುಖ ನೋಡಿ ನೆಮ್ಮದಿಯ ಉಸಿರು ಬಿಟ್ಟರು. ಅಲ್ಲಿ ಅವಮಾನವಿರಲಿಲ್ಲ. ಮೊದಲು ಚೌಕಟ್ಟು ಸವರುವಾಗ ಇದ್ದ ಹೊಳಪೇ ಇತ್ತು, ಅದಕ್ಕಿಂತ ಒಂದು ಪಾಲು ಜಾಸ್ತಿಯೇ ಇತ್ತು.

“ನೇರಕ್ಕೆ ನೇರ ಕೂಡಿಸೋಕೆ ಯಾರಿಗಾದ್ರೂ ಬರುತ್ತೆ ಸಾರ್,” ಎಂದರು. “ಅಪ್ಪನ ಸೊಟ್ಟಕ್ಕೆ ಸರಿಯಾಗಿ ತನ್ನದನ್ನೂ ಸೊಟ್ಟ ಮಾಡಿ, ಎರಡನ್ನೂ ಸೇರಿಸಿ ನೇರ ಮಾಡಿ, ಅದನ್ನ ಅಪ್ಪನಿಗೂ ಗೊತ್ತಾಗದ ಹಾಗೆ ಉಜ್ಜಿ ನುಣುಪು ಮಾಡಿದಾಳಲ್ಲ, ಆ ಕೆಲಸ ಮಾಡೋರನ್ನ ನಾನು ಇವತ್ತೇ ನೋಡಿದ್ದು. ನಂಗೆ ಕೆಲಸ ಕಲಿಸಿದ ಮೇಷ್ಟ್ರಿಗೂ ಅದು ಬರ್ತಿರಲಿಲ್ಲ.” ಇನ್ಸ್‌ಪೆಕ್ಟರ್ ಕಡೆ ನೋಡಿದರು. “ಬರ್ಕೊಳ್ಳಿ ಸಾಹೇಬ್ರೆ. ಮೊದಲು ಹೇಳಿದ್ದು ಹೊಡೆದುಹಾಕಿ. ಈ ಚೌಕಟ್ಟು ನಮ್ಮದಲ್ಲ. ನಮ್ಮ ಅಂಗಡಿಯ ಮೂಲೆ ನಲವತ್ನಾಲ್ಕು, ನಲವತ್ತಾರು. ಕೂಡಿಸಿದ್ದು ನನ್ನ ಮಗಳು. ಅದನ್ನ ದೊಡ್ಡ ಅಕ್ಷರದಲ್ಲಿ ಬರೀರಿ.”

ಹುಡುಗಿ ಅಳುತ್ತ ನಕ್ಕಳು. ಟೀಚರ್ ಡಬ್ಬಿಯನ್ನು ಮತ್ತೆ ಅವಳ ಕೈಗಿಟ್ಟರು. ಈ ಸಲ ಅವಳು ಒಂದು ತುತ್ತು ಬಾಯಿಗೆ ಹಾಕಿಕೊಂಡಳು.

“ಎಲ್ಲ ಸರಿ,” ಎಂದರು ಮೇಲ್ವಿಚಾರಕರು, “ಆದರೆ ಬೆನ್ನಿನ ಮೇಲಿರೋ ಕಾಗದ? ಮುದ್ರೆ? ಅದು ನಿಮ್ಮದೇ ತಾನೇ?”

“ಅದನ್ನೂ ನೋಡೇಬಿಡೋಣ.”

ಮೇಸ್ತ್ರಿ ಒದ್ದೆ ಬಟ್ಟೆಯನ್ನು ಚೌಕಟ್ಟಿನ ಬೆನ್ನ ಮೇಲೆ ಹಾಸಿದರು. ಕಾಗದ ನೆನೆಯುವವರೆಗೆ ಯಾರೂ ಕುಳಿತುಕೊಳ್ಳಲಿಲ್ಲ. ಆಮೇಲೆ ಒಂದು ಮೂಲೆಯಿಂದ ಉಗುರಿನಲ್ಲಿ ಎಬ್ಬಿಸಿ, ಗಾಯದ ಪಟ್ಟಿ ಬಿಚ್ಚುವಂತೆ ಮೆಲ್ಲಗೆ ಎಳೆದರು. ಎಳೆದಷ್ಟೂ ಬೆರಳಿಗೆ ಎಳೆ ಎಳೆಯಾಗಿ ಬಿಳಿ ಅಂಟು ಹತ್ತಿತು. ಅದನ್ನು ಉಜ್ಜಿ, ಕಾಗದದ ಒಳಮೈ ಮೂಸಿ ನೋಡಿದರು.

“ಕಾಗದಕ್ಕೆ ಮೊದಲು ಹತ್ತಿರೋದು ನಮ್ಮ ಹಿಟ್ಟಿನ ಅಂಟು, ಮನೇಲೇ ಕಾಯಿಸಿದ್ದು. ಅದರ ಮೇಲೆ ಡಬ್ಬೀಲಿ ಮಾರೋ ಈ ಬಿಳಿ ಅಂಟು. ಇದನ್ನ ನಾವು ಅಂಗಡಿಯೊಳಗೇ ತರಲ್ಲ. ಯಾರೋ ನಮ್ಮ ಚೌಕಟ್ಟಿಂದ ಕಾಗದ ಬಿಡಿಸಿ ಇದಕ್ಕೆ ಹಚ್ಚಿದಾರೆ.”

“ಅಂದರೆ ಬದಲಾಗಿದ್ದು ಬರೀ ಚಿತ್ರ ಅಲ್ಲ,” ಎಂದರು ಟೀಚರ್. “ಚೌಕಟ್ಟಿನ ಸಮೇತ. ನಿಮ್ಮ ಹುಡುಗಿಯ ದುಂಡು ಮೂಲೆಯ ಚೌಕಟ್ಟು, ಅದರೊಳಗೆ ಅಸಲಿ ನೀಲಿ ದೋಣಿ, ಎರಡೂ ಒಟ್ಟಿಗೇ ಎಲ್ಲೋ ಇವೆ.”

“ಅಂಗಡಿಯಿಂದ ಹೊರಟ ಮೇಲೆ ಬದಲಾಗಿದ್ದು,” ಎಂದ ಇನ್ಸ್‌ಪೆಕ್ಟರ್. ಬಾಗಿಲಿಗೆ ಹೋಗಿ ಜೀಪಿನವನಿಗೆ ಕೈಸನ್ನೆ ಮಾಡಿದ. “ನೀನು ಹೋಗಯ್ಯ. ಇಲ್ಲಿಂದ ಯಾರೂ ನ್ಯಾಯಾಲಯಕ್ಕೆ ಬರ್ತಾ ಇಲ್ಲ. ಉಳಿದದ್ದು ನಾನೇ ಬರೆದು ಒಪ್ಪಿಸ್ತೀನಿ.” ಆಮೇಲೆ ಮೇಲ್ವಿಚಾರಕರ ಕಡೆ ತಿರುಗಿ ಮರ್ಯಾದೆಯಿಂದಲೇ ಹೇಳಿದ, “ಸರ್, ನಿಮ್ಮ ಸಂಗ್ರಹಾಲಯದ ಬೀಗದ ಕೈಗಳು ಯಾರ್ಯಾರ ಹತ್ರ ಇವೆ ಅಂತ ಸ್ವಲ್ಪ ಮಾತಾಡೋಣ.”

ಮೇಲ್ವಿಚಾರಕರ ಅಂಗಿಯ ಮಡಿಕೆ ಮೊದಲ ಸಲ ಸುಕ್ಕಾಯಿತು. ಮಾತಾಡುತ್ತ ಇಬ್ಬರೂ ಹೊರಗಿನ ಮೆಟ್ಟಿಲಿಗೆ ನಡೆದರು.

ಟೀಚರ್ ತಮ್ಮನ ಬೆನ್ನನ್ನೇ ನೋಡಿದರು. ಹಠ ಹಿಡಿದು ಹುಡುಗಿಯನ್ನು ಒಳಗೆ ಹಾಕಬಹುದಿತ್ತು, ಕೇಸು ಮುಗಿಯುತ್ತಿತ್ತು. ಹಾಗೆ ಮಾಡದೆ ಅಕ್ಕನನ್ನು ಕರೆಸಿದ, ಎಲ್ಲರೆದುರು ತನ್ನ ಲೆಕ್ಕ ತಪ್ಪು ಎಂದು ಒಪ್ಪಿದ. ಎಷ್ಟು ಜನ ಅಧಿಕಾರಿಗಳು ಹಾಗೆ ಮಾಡುತ್ತಾರೆ? ಅಡುಗೆಮನೆಯ ನೆಲದ ಮೇಲೆ ತಾನು ಕಲಿಸಿದ್ದು ವ್ಯರ್ಥವಾಗಲಿಲ್ಲ ಎಂದುಕೊಂಡರು. ಎದೆ ತುಂಬಿ ಬಂತು.

ಅಚ್ಚಿನ ಬಳಿ ಅಪ್ಪ, ಮಗಳು ಏನೋ ಜಗಳವಾಡುತ್ತಿದ್ದರು. ಮಗಳು ಚಕ್ಕೆ ಕಿತ್ತುಹಾಕಿ ಹೊಸ ಅಚ್ಚು ಮಾಡೋಣ ಎನ್ನುತ್ತಿದ್ದಳು. “ಕೈಹಚ್ಚಿದ್ರೆ ನೋಡು,” ಎನ್ನುತ್ತಿದ್ದರು ಮೇಸ್ತ್ರಿ. “ನಾನಿರೋವರೆಗೂ ಆ ಚಕ್ಕೆ ಅಲ್ಲೇ ಇರುತ್ತೆ. ಹೊಸ ಅಚ್ಚು ಮಾಡೋದು ನೀನು, ನಿನ್ನ ಕೈಯಿಂದ, ಆಮೇಲೆ.”

ಟೀಚರ್ ನಗುತ್ತ, ಚೌಕಟ್ಟಿನ ಬೆನ್ನಿಗೆ ಇನ್ನೂ ಅಂಟಿಕೊಂಡಿದ್ದ ಕಾಗದದ ಚೂರುಗಳನ್ನು ಒದ್ದೆ ಬಟ್ಟೆಯಿಂದ ಒರೆಸತೊಡಗಿದರು. ಕೈಗೆ ಕೆಲಸವಿಲ್ಲದೆ ನಿಂತು ಅವರಿಗೆ ಅಭ್ಯಾಸವಿರಲಿಲ್ಲ.

ಬಿಳಿ ಅಂಟು ಕರಗಿತು. ಬರಿಮರ ಕಾಣಿಸಿತು. ಮರದ ಮೇಲೆ, ಒಂದು ಮೂಲೆಯ ಹತ್ತಿರ, ಪೆನ್ಸಿಲ್ ಗೆರೆಗಳು.

ಕೊಯ್ಯುವ ಮೊದಲು ಅಳತೆಗೆಂದು ಯಾರೋ ಎಳೆದದ್ದು. ಒಂದು ಲಂಬಕೋನ. ಅದನ್ನು ಸರಿಯಾಗಿ ಎರಡು ಪಾಲು ಮಾಡಿದ ಗೆರೆ. ಎರಡೂ ಪಾಲು ಸಮ ಎಂದು ತೋರಿಸಲು ಒಂದೊಂದು ಪುಟ್ಟ ಕಮಾನು.

ಪ್ರತಿ ಕಮಾನಿನೊಳಗೂ ಒಂದು ಚುಕ್ಕೆ.

ಟೀಚರ್ ಕೈಯಲ್ಲಿದ್ದ ಬಟ್ಟೆ ನಿಂತಿತು. ಚುಕ್ಕೆಗಳು ಅವರನ್ನು ನೋಡುತ್ತಿದ್ದವು. ಅಷ್ಟು ವರ್ಷ ಪಾಠ ಮಾಡಿದ್ದರು, ಅಷ್ಟು ಮಕ್ಕಳ ಉತ್ತರ ಪತ್ರಿಕೆ ತಿದ್ದಿದ್ದರು. ಆ ಕಣ್ಣುಗಳನ್ನು ಆ ಅಡುಗೆಮನೆಯ ನೆಲದ ಮೇಲಲ್ಲದೆ ಬೇರೆಲ್ಲೂ ಕಂಡಿರಲಿಲ್ಲ.

“ಏನಕ್ಕಾ,” ಬಾಗಿಲಿನಿಂದ ತಮ್ಮನ ದನಿ ಬಂತು, “ಮತ್ತೇನಾದ್ರೂ ಸಿಕ್ತಾ?”

ಅವರಿಗೇ ಅರಿವಿಲ್ಲದಂತೆ ಅಂಗೈ ಆ ಗೆರೆಗಳ ಮೇಲೆ ಹೋಗಿ ಕುಳಿತಿತ್ತು. ಮೂಲೆ ಚುಚ್ಚಿದ್ದ ಜಾಗ ಮತ್ತೆ ಉರಿಯಿತು. ಆ ಕಡೆ ಅಚ್ಚಿನ ಬಳಿ ಮೇಸ್ತ್ರಿಯ ಮಗಳು ನಗುವುದನ್ನು ನಿಲ್ಲಿಸಿ ಟೀಚರ್ ಕೈಯನ್ನೇ ನೋಡುತ್ತಿದ್ದಳು. ತನ್ನವರ ತಪ್ಪನ್ನು ಮುಚ್ಚುವ ಕೈಯೆಂದರೆ ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಬೂಟಿನ ಸದ್ದು ಹತ್ತಿರ ಬಂತು. “ಸಾಕ್ಷಿ ವಸ್ತು, ನಾನೇ ಸೀಲ್ ಮಾಡಿ ತಗೊಂಡು ಹೋಗ್ತೀನಿ,” ಎಂದು ತಮ್ಮ ನಗುತ್ತಲೇ ಕೈ ಚಾಚಿದ. “ಕೊಡಕ್ಕಾ.”

ಟೀಚರ್ ಅಂಗೈ ತೆಗೆಯಲಿಲ್ಲ.